ಒಪಲ್ ಮೇಡಮ್ಮನ ಮೊದಲ ಪೆನ್ನಿ

ತಿಕ್ಕು ಎಂದವಳು ಒಡತಿಯೇ. ಆಮೇಲೆ ಅದು ಒಬ್ಬರಿಗೂ ನೆನಪಿರಲಿಲ್ಲ.

ಓಹಿಯೋದ ಹೆದ್ದಾರಿ ಬದಿಯ ಆ ಹೋಟೆಲಿಗೆ ಅಂದು ಐವತ್ತು ತುಂಬಿತ್ತು. ಗಲ್ಲಾದ ಹಿಂದಿನ ಗೋಡೆಯ ಮೇಲೆ, ಗಾಜಿಲ್ಲದ ಚೌಕಟ್ಟಿನೊಳಗೆ ಟೇಪಿನಿಂದ ಅಂಟಿಸಿದ ಒಂದು ಪೆನ್ನಿ, ಲಿಂಕನ್ನನ ಮುಖವಿರುವ ಒಂದು ಸೆಂಟಿನ ನಾಣ್ಯ. ೧೯೭೨ರಲ್ಲಿ ಬಾಗಿಲು ತೆರೆದ ದಿನ ಒಪಲ್ ಮೇಡಮ್ಮನ ಗಂಡ ದುಡಿದ ಮೊದಲ ಕಾಸು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಕಾಸು ಎಣ್ಣೆ ಹೊಗೆಗೆ ಇಸವಿಯೂ ಕಾಣದಂತೆ ಕಪ್ಪಿಟ್ಟಿತ್ತು.

"ಮಧ್ಯಾಹ್ನ ಪತ್ರಿಕೆಯವ್ನು ಫೋಟೋ ತೆಗೀತಾನೆ. ಕನ್ನಡಿ ಥರ ಹೊಳೀಬೇಕು. ಅದಕ್ಕೇನಾದ್ರೂ ಆಯ್ತೋ, ಏಪ್ರನ್ ಬಿಚ್ಚಿಟ್ಟು ಹೊರಡು ವೆಂಡಲ್. ಹದಿನೆಂಟು ವರ್ಷದಿಂದ ಇರೋ ಅಡುಗೆಯವ್ನು ಅಂತ ನೋಡಲ್ಲ," ಎಂದಳು ಒಪಲ್.

ಹೊಳಪು ಎಂದಿದ್ದೇ ತಡ, ಕಾಫಿಗೆ ಬಂದವರೆಲ್ಲ ವಿಜ್ಞಾನಿಗಳಾದರು.

"ಕೆಚಪ್ ಬಳಿ," ಎಂದಳು ಅಂಚೆ ಕಚೇರಿಯ ಲೊರೀನ್. ವೆಂಡಲ್ ಬಳಿದ. ಕಾಸು ಕೆಂಪಗಾಯಿತು, ಹೊಳೆಯಲಿಲ್ಲ.

"ಉಪ್ಪಿನ ಸೌತೆಕಾಯಿ ನೀರಲ್ಲಿ ಹಾಕಪ್ಪಾ," ಎಂದ ಲಾರಿಯವನೊಬ್ಬ. ಹಾಕಿದ. ಸೌತೆಕಾಯಿ ವಾಸನೆ ಬಂತು, ಅಷ್ಟೇ.

ಸಿಟ್ಟಿಗೆದ್ದ ವೆಂಡಲ್ ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಪರಪರ ಉಜ್ಜಿ, ಕಕ್ಕಸು ತೊಳೆಯುವ ಆಸಿಡ್ಡಿನಲ್ಲಿ ಅದ್ದಿಟ್ಟು, ಮೊಟ್ಟೆ ಬೇಯಿಸಲು ಹೋದ.

ಹನ್ನೊಂದೂವರೆಗೆ ಬಂದು ನೋಡಿದರೆ ಬಟ್ಟಲಲ್ಲಿ ಸೋಡಾದಂತೆ ನೊರೆ! ತಾಮ್ರ ಈರುಳ್ಳಿ ಸಿಪ್ಪೆಯಾಗಿ ಸುಲಿದಿತ್ತು. ಒಳಗಿನದು ಇಲಿ ತಿಂದ ರೊಟ್ಟಿ. ಲಿಂಕನ್ನನಿಗೆ ಗಡ್ಡ ಉಳಿದಿತ್ತು, ತಲೆ ಇರಲಿಲ್ಲ.

ಹಿಂದಿನಿಂದ ಒಪಲ್ ಕಿರುಚಿದಳು.

"ನನ್ನ ಗಂಡನ್ನ ಇನ್ನೊಂದ್ಸಲ ಕೊಂದ್ಯಲ್ಲೋ!"

ಮೂಲೆಯ ಮೇಜಿನಿಂದ ನಾಣ್ಯದ ಹುಚ್ಚಿನ ಅರ್ನಿ ಅಜ್ಜ ಭೂತಗನ್ನಡಿ ಹಿಡಿದು ಓಡಿಬಂದ. ಬಗ್ಗಿ ನೋಡಿ ನಕ್ಕ.

"ಸುಮ್ನೆ ಅಳ್ಬೇಡ ಒಪಲ್. ಎಪ್ಪತ್ತೆರಡರ ಕಾಸು ಮೈಯೆಲ್ಲಾ ತಾಮ್ರ, ಹೀಗೆ ಕೊರೆಯಲ್ಲ. ಇದು ಸತುವು, ಮೇಲೆ ಬರೀ ತಾಮ್ರದ ಲೇಪ. ಇಂಥವು ಬಂದಿದ್ದೇ ಎಂಬತ್ತೆರಡರಲ್ಲಿ."

ವೆಂಡಲ್‌ಗೆ ಹೋದ ಜೀವ ಬಂತು.

"ಕೇಳಿದ್ರಾ ಮೇಡಂ! ನಾ ಕೆಡಿಸಿದ್ದು ಯಾವ್ದೋ ಬೇವಾರ್ಸಿ ಕಾಸು! ಅಸಲಿ ಕಾಸನ್ನ ಯಾವನೋ ಹೊಡ್ಕೊಂಡು ಇದನ್ನ ಅಂಟಿಸಿದ್ದಾನೆ. ಮೊದ್ಲು ಆ ಕಳ್ಳನ್ನ ಹಿಡೀರಿ! ಅವನ ಚರ್ಮ ಸುಲೀರಿ!"

ಲೊರೀನ್ ತನ್ನ ಚೀಲವನ್ನು ಮಡಿಲಿಗೆಳೆದುಕೊಂಡಳು. ಆಗಲೇ ಬಂದಿದ್ದ ಪತ್ರಿಕೆಯವನು ಕ್ಯಾಮೆರಾ ಎತ್ತಿದ.

"ಎಪ್ಪತ್ತೆರಡರ ಕಾಸು ಅಂದ್ರೆ ಹೀಗಿರುತ್ತೆ," ಅರ್ನಿ ಅಜ್ಜ ಜೇಬಿನಿಂದ ಪುಟ್ಟ ಡಬ್ಬಿ ತೆಗೆದ. "ಅಕ್ಷರ ನೋಡಿ, ಕುಡುಕನ ಕಣ್ಣಿಗೆ ಕಂಡ ಹಾಗೆ ಎರಡೆರಡು. ಅಚ್ಚು ಹಾಕೋವಾಗ ಟಂಕಸಾಲೆಯೋರು ಮಾಡಿದ ಅಪರೂಪದ ತಪ್ಪು. ಐನೂರು ಡಾಲರ್ ಬಾಳುತ್ತೆ! ಸಿಕ್ಕಿದ್ದೂ ಇಲ್ಲೇ. ಗಲ್ಲಾದಲ್ಲಿ ಒಂದು ಪೆನ್ನಿ ಚಿಲ್ಲರೆ ಇಲ್ಲ ಅಂದ ಹೊಸ ಹುಡುಗ. ಕೊಡೋತನಕ ಏಳಲ್ಲ ಅಂತ ಕೂತೆ. ಗೋಡೆ ಕಡೆ ತಿರುಗಿ, ಅದೆಲ್ಲಿಂದಲೋ ಕಿತ್ತು ಕೊಟ್ಟ. ಬೆನ್ನಿಗೆ ಟೇಪಿನ ಅಂಟೂ ಇತ್ತು."

"ಯಾರವ್ನು?" ಒಪಲ್‌ಳ ದನಿ ತಣ್ಣಗಿತ್ತು.

ಅಜ್ಜ ಪ್ರೀತಿಯಿಂದ ವೆಂಡಲ್‌ನ ಬೆನ್ನು ತಟ್ಟಿದ. "ಇವ್ನೇ! ಹದಿನೆಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ. ಮರ್ತೇಬಿಟ್ಯೇನೋ?"

ಮರೆತೇಬಿಟ್ಟಿದ್ದ. ಮರುದಿನ ಬೆಳಿಗ್ಗೆ ತನ್ನ ಜೇಬಿನ ಪೆನ್ನಿಯೊಂದನ್ನು ಆ ಚೌಕಟ್ಟಿನಲ್ಲಿ ಅಂಟಿಸಿದ್ದೂ ಈಗ ನೆನಪಾಯಿತು. ಪೆನ್ನಿ ಅಂದರೆ ಪೆನ್ನಿ ಅಂದುಕೊಂಡಿದ್ದ.

ವೆಂಡಲ್‌ನ ಕೈ ತಾನಾಗಿಯೇ ಏಪ್ರನ್ನಿನ ಗಂಟು ಹುಡುಕಿತು.

"ಹಾಗೇ ನಿಂತ್ಕೊಳ್ಳಿ ಸಾರ್," ಎಂದ ಪತ್ರಿಕೆಯವನು, "ಸ್ವಲ್ಪ ನಗಿ."