ಕಲ್ಲಿಗೆ ಕಾವಲು ಕೂತವರು

ಬಂಗಾರಕ್ಕೆ ಕಾವಲು ಕೂತವರನ್ನು ನೀವು ನೋಡಿರುತ್ತೀರಿ. ಜೋಳದ ಹೊಲಕ್ಕೆ ಕಾವಲು ಕೂತವರನ್ನೂ ನೋಡಿರುತ್ತೀರಿ. ಕಲ್ಲಿಗೆ ಕಾವಲು ಕೂತ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಕಾವಲು ಕೂತಲ್ಲಿಗೇ ರೊಟ್ಟಿ ಬುತ್ತಿ ಒಯ್ದು ಕೊಟ್ಟು, ಅವರು ಒಂದು ಕಣ್ಣು ಕಲ್ಲಿನ ಮೇಲಿಟ್ಟು ಉಣ್ಣುವುದನ್ನು ನೋಡುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ಅವರು ನಮ್ಮ ಮನೆಯವರು. ಹೆಸರು ಮಾತ್ರ ಕೇಳಬೇಡಿ. ಹೆಂಡತಿ ಬಾಯಿಬಿಟ್ಟು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅತ್ತೆಯವರು ನಾನು ಹೊಸ್ತಿಲು ದಾಟಿದ ದಿನವೇ ಹೇಳಿಕೊಟ್ಟಿದ್ದರು. ಮಾವನವರ ಹೆಸರೂ ಸೊಸೆಯ ಬಾಯಲ್ಲಿ ಬರುವಂತಿಲ್ಲ. ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆದರೂ ಬರುವಂತಿಲ್ಲ.

ಆಗ ನಿಜಾಮರ ಆಳ್ವಿಕೆ. ಶಹಾಬಾದಿನಲ್ಲಿ ನಮ್ಮದೊಂದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಣ್ಣ ಗಣಿ, ಅದೂ ಗುತ್ತಿಗೆಯದು. ಕಲ್ಲು ಎಬ್ಬಿಸಿ ಗೂಡ್ಸ್ ರೈಲಿನ ಡಬ್ಬಿಗೆ ತುಂಬಿದರೆ ವಾಡಿಯ ಮೇಲೆ ಹಾದು ಚಿತ್ತಾಪುರಕ್ಕೋ ಸೇಡಂಗೋ ಹೋಗುತ್ತಿತ್ತು. ಮೊದಮೊದಲು ನಮ್ಮವರು ಎಲ್ಲರಂತೆಯೇ ಇದ್ದರು. ಒಂದು ಸಲ ಚಿತ್ತಾಪುರಕ್ಕೆ ಕಳಿಸಿದ ಇಡೀ ಡಬ್ಬಿಯ ಕಲ್ಲನ್ನು ಯಾರೋ ಒಬ್ಬ, 'ನಾನೇ ಮಾಲೀಕ' ಎಂದು ಇವರ ಹೆಸರು ಹೇಳಿ ಬಿಡಿಸಿಕೊಂಡು ಹೋದ. ಇವರು ಹೋಗಿ ನಿಂತರೆ ಅಲ್ಲಿಯ ಗೂಡ್ಸ್ ಆಫೀಸಿನ ಬಾಬು, "ನೀವು ನಿನ್ನೇನೇ ಒಯ್ದೀರಲ್ರಿ" ಎಂದನಂತೆ. ಅಂದಿನಿಂದ ನಮ್ಮವರಿಗೆ ಊರಿನ ಮೇಲೆ ಇರಲಿ, ತಮ್ಮ ಹೆಸರಿನ ಮೇಲೇ ನಂಬಿಕೆ ಹಾರಿಹೋಯಿತು.

ಇನ್ನೊಂದು ಡಬ್ಬಿ ಹೋದರೆ ಗುತ್ತಿಗೆ ಹೋಗುತ್ತಿತ್ತು, ಗುತ್ತಿಗೆ ಹೋದರೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಇದು ನನಗೂ ಗೊತ್ತಿತ್ತು. ಆದ್ದರಿಂದ ಅವರ ಹುಚ್ಚಾಟಗಳನ್ನೆಲ್ಲ ಸುಮ್ಮನೆ ಸಹಿಸಿದೆ. ಸುಮ್ಮನೆ ಎಂದರೆ, ಗೊಣಗುತ್ತ.

ಮೊದಲನೆಯದು ಗುರುತಿನ ಹುಚ್ಚು. ಪ್ರತಿ ಕಲ್ಲಿನ ಹಿಂಬದಿಗೂ ಬಿಳಿ ಸುಣ್ಣದಲ್ಲಿ ಮೂರು ಬೆರಳು ಅದ್ದಿ ಗೆರೆ ಎಳೆಯಬೇಕು. ಎಳೆಯುವವರು ಯಾರು? ನಾನು! ಕೂಲಿಯವರು ಎಳೆದರೆ ಗುಟ್ಟು ಹೊರಬೀಳುತ್ತದಂತೆ. ಒಮ್ಮೆ ಚಿತ್ತಾಪುರದ ಸಾಹುಕಾರರೊಬ್ಬರ ಮನೆಯಲ್ಲಿ ಗೌಂಡಿ ಒಂದಷ್ಟು ಕಲ್ಲನ್ನು ಬೋರಲು ಹಾಸಿಬಿಟ್ಟ. ಸಾಹುಕಾರರ ತಾಯಿಗೆ ಆ ಮೂರು ಗೆರೆ ವಿಭೂತಿಯಂತೆ ಕಂಡವು. ಆ ಮುದುಕಿ ನಡುಮನೆಯಲ್ಲಿ ಆ ಕಲ್ಲುಗಳನ್ನು ತುಳಿಯದೆ ಗೋಡೆ ಹಿಡಿದು ಸುತ್ತು ಹಾಕಿ ಹೋಗುತ್ತಿದ್ದಳಂತೆ, ಬಂದ ಬೀಗರನ್ನೂ ಹಾಗೆಯೇ ನಡೆಸುತ್ತಿದ್ದಳಂತೆ.

ಎರಡನೆಯದು ಕಲ್ಲಿನ ಜೊತೆ ತಾವೂ ಹೋಗುವ ಹುಚ್ಚು. ಗಾರ್ಡಿನ ಕೈಕಾಲು ಹಿಡಿದು ಅವನ ಡಬ್ಬಿಯಲ್ಲಿ ಹತ್ತುವುದು, ವಾಡಿಯಲ್ಲಿ ಇಳಿದು ಕಲ್ಲು ಮುಟ್ಟಿ ನೋಡುವುದು, ಮತ್ತೆ ಹತ್ತುವುದು. ಮಾಲನ್ನು ತಮ್ಮ ಹೆಸರಿಗೇ ಕಳಿಸಿ, ಮುಟ್ಟಿದ ಊರಲ್ಲಿ ತಾವೇ ಬಿಡಿಸಿ, ಕೊಳ್ಳುವವರ ಬಂಡಿಗೆ ತಾವೇ ಹೇರಿಸಿ ಬರುವುದು. ಬರುವಷ್ಟರಲ್ಲಿ ಮೈತುಂಬ ಇದ್ದಿಲ ಪುಡಿ. ನಾನು ನೀರು ಕಾಯಿಸಬೇಕು, ಕಥೆಯನ್ನೂ ಕೇಳಬೇಕು.

ಮೂರನೆಯದು ಪ್ರಶ್ನೆಯ ಹುಚ್ಚು. ಈ ಸಾಲಿನ ಎಲ್ಲ ಸ್ಟೇಶನ್ನುಗಳ ಗೂಡ್ಸ್ ಬಾಬುಗಳಿಗೂ ಅವರು ಪಾಠ ಹೇಳಿದ್ದರು. "ಕಾಗದ ನಂಬಬ್ಯಾಡ್ರಿ, ಕಾಗದ ಯಾರ್ ಬೇಕಾದ್ರೂ ಮಾಡ್ತಾರ. ಹೆಸರು ಕೇಳ್ರಿ, ತಂದಿ ಹೆಸರು ಕೇಳ್ರಿ, ಊರು ಕೇಳ್ರಿ. ತಡವರಿಸಿದಂವ ಕಳ್ಳ." ವಾಡಿಯ ಬಾಬು ಬೇಸತ್ತು ಒಂದು ದಿನ ಇವರನ್ನೇ, "ಹಂಗಾರ ನಿಮ್ಮ ಹೆಸರೇನ್ರಿ?" ಎಂದು ಕೇಳಿದ. ಇವರು ಅನುಮಾನದಿಂದ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾಕ ಕೇಳಾಕತ್ತೀರಿ?" ಎಂದರಂತೆ. "ತಡವರಿಸಿದ್ರಿ ನೋಡ್ರಿ" ಎಂದು ಅವನು ನಕ್ಕನಂತೆ.

ಈ ಪ್ರಶ್ನೆಗಳು ಮನೆಗೂ ಬಂದವು. ಚಿಂಚೋಳಿಯಿಂದ ನನ್ನ ಅಣ್ಣ ಸುಡುಬಿಸಿಲಲ್ಲಿ ಬಂದು ಬಾಗಿಲು ಬಡಿದರೆ ಒಳಗಿನಿಂದ, "ಯಾರು? ಯಾರ ಮಗ?" ಎಂಬ ವಿಚಾರಣೆ. ಅಣ್ಣ, "ನಿಮಗ ಹೆಣ್ಣು ಕೊಟ್ಟವರ ಮಗ" ಎಂದು ಹೇಳಿ, ನಾನು ಓಡಿ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಬಂಡಿ ತಿರುಗಿಸಿದ್ದ. ತಂದ ತೊಗರಿ ಗಂಟನ್ನೂ ವಾಪಸು ಒಯ್ದ. ಆಮೇಲೆ ಬಹಳ ದಿನ ನಮ್ಮ ಕಡೆ ಮುಖ ಹಾಕಲಿಲ್ಲ. ಇಂಥ ಗಂಡನ ಜೊತೆ ಹೇಗೆ ಬಾಳಿದೆ ಎಂದು ಕೇಳುತ್ತೀರಾ? ಬಾಳಿದೆ, ಅಷ್ಟೇ.

ಹೀಗಿರುವಾಗ ಅವರಿಗೆ ಜ್ವರ ಬಂತು. ಸಾಧಾರಣ ಜ್ವರವಲ್ಲ. ಹಕೀಮರು ನಾಡಿ ಹಿಡಿದು ನೋಡಿ, ಏನೂ ಹೇಳದೆ ಎದ್ದು ಹೋಗುವಂಥ ಜ್ವರ. ಅದೇ ಹೊತ್ತಿಗೆ ಒಂದು ಡಬ್ಬಿ ಕಲ್ಲು ಸೇಡಂಗೆ ಹೋಗಿ ನಿಂತಿತ್ತು. ಇವರು ಮಲಗಿದಲ್ಲೇ ಒದ್ದಾಡಿದರು.

"ನೀ ಹೋಗು" ಎಂದರು.

"ನಾನಾ? ಗಣಿ ಮೇಸ್ತ್ರಿನ ಕಳಸ್ರಿ."

"ಅವನ್ನ ನಂಬೂದಿಲ್ಲ. ನಿನ್ನ ಬಿಟ್ಟು ಯಾರನ್ನೂ ನಂಬೂದಿಲ್ಲ." ಹಿಂದೆಯೇ, "ಕಲ್ಲು ಕೊಟ್ಟು ಸೀದಾ ಮನಿಗೆ ಬಾ, ಯಾರ ಕೂಡನೂ ಮಾತಾಡಬ್ಯಾಡ" ಎಂದರು. ನಂಬಿಕೆ ಅಲ್ಲಿಗೆ ಮುಗಿಯಿತು!

ಮಾಲು ಬಿಡಿಸಲು ಬಿಲ್ಟಿ ಬೇಕು. ಬಿಲ್ಟಿ ಎಂದರೆ ರೈಲಿನವರು ಕೊಡುವ ರಸೀದಿ. ಅದನ್ನು ಇವರು ಯಾರ ಕೈಗೂ ಸಿಗಬಾರದೆಂದು ತಲೆದಿಂಬಿನೊಳಗೆ ಇಟ್ಟು ಹೊಲಿದುಬಿಟ್ಟಿದ್ದರು. ಹೊಲಿಗೆ ಬಿಚ್ಚಿ ನೋಡಿದರೆ ಜ್ವರದ ಬೆವರಿಗೆ ಶಾಯಿ ಇಳಿದು ಕಾಗದವೆಲ್ಲ ನೀಲಿ ನೀಲಿ. ಮಗನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಲು ಅತ್ತೆಯವರು ಕೂತರು. ನಾನು ಹೆಂಗಸರ ಡಬ್ಬಿ ಹತ್ತಿದೆ.

ಸೇಡಂ ಸ್ಟೇಶನ್ನಿನ ಮಾಲುಗೋದಾಮಿನಲ್ಲಿ ಹೊಸದಾಗಿ ಬಂದ, ನಮ್ಮವರ ಮುಖ ಕಾಣದ ಬಾಬು ಸಾಹೇಬರು ಕೂತಿದ್ದರು, ರೂಮಿ ಟೋಪಿ, ಕಿವಿಗೆ ದಾರ ಕಟ್ಟಿದ ಕನ್ನಡಕ. ಅವರ ಎದುರಿಗೆ ಜರಿ ರುಮಾಲಿನ ಒಬ್ಬ ಮನುಷ್ಯ ಗರಿಗರಿಯಾದ ಬಿಲ್ಟಿ ಹಿಡಿದು ನಿಂತಿದ್ದ. ಹೊರಗೆ ನಮ್ಮ ಕಲ್ಲಿನ ಪಕ್ಕದಲ್ಲಿ ಅವನ ಬಂಡಿಗಳು ಸಾಲಾಗಿದ್ದವು. ನಾನು ನನ್ನ ನೀಲಿ ಕಾಗದ ಚಾಚಿದೆ.

"ಈ ಕಲ್ಲಿನ ಮಾಲೀಕರು ಇವರೇ ಅದಾರಲ್ಲವ್ವಾ. ಹೆಸರು, ತಂದಿ ಹೆಸರು, ಊರು, ಎಲ್ಲಾ ಪಟಪಟ ಹೇಳ್ಯಾರ" ಎಂದರು ಬಾಬು.

"ಇವರಲ್ಲರೀ. ಮಾಲೀಕರು ಶಹಾಬಾದದಾಗ ಜ್ವರ ಬಂದು ಮಲಗ್ಯಾರ. ನಾ ಅವರ ಮನಿಯಾಕಿ."

"ಹಂಗಾರ ಅವರ ಹೆಸರು ಹೇಳು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ಶಿವನ ಹೆಸರದು ರೀ."

"ಶಿವಗ ಎಷ್ಟ ಹೆಸರು ಅದಾವ, ಯಾವ್ದಂತ ತಿಳೀಲಿ ನಾನು? ಹೋಗ್ಲಿ, ಅವರ ತಂದಿ ಹೆಸರು?"

"ಅದನ್ನೂ ಹೇಳಬಾರದ್ರಿ."

"ಊರು?"

"ಶಹಾಬಾದ್ರಿ, ಶಹಾಬಾದ್, ಶಹಾಬಾದ್" ಎಂದೆ. ಅದೊಂದೇ ಉತ್ತರ ನನ್ನ ಕೈಲಿದ್ದದ್ದು.

ರುಮಾಲಿನವನು ಮೀಸೆಯಲ್ಲೇ ನಕ್ಕ. "ಬಾಬು ಸಾಬ್, ತಡವರಿಸಿದವರು ಕಳ್ಳರು ಅಂತ ನಾನೇ ನಿಮಗ ಈಗಷ್ಟೇ ಹೇಳಿದ್ನಲ್ಲ" ಎಂದ. ನಮ್ಮವರ ಪಾಠವನ್ನೂ ಕದ್ದಿದ್ದನಲ್ಲ, ಎಂಥ ಗಟ್ಟಿಗ! ಬಾಬು ಅವನ ಬಿಲ್ಟಿಯ ಕಡೆಗೆ ಕೈ ಚಾಚಿ ಲೇಖಣಿ ಎತ್ತಿಕೊಂಡರು.

ಹೇಳಿದರೆ ಜ್ವರದಲ್ಲಿ ಮಲಗಿದವರ ಆಯುಷ್ಯ ಹೋಗುತ್ತದೆ. ಹೇಳದಿದ್ದರೆ ಕಲ್ಲು ಹೋಗುತ್ತದೆ, ಗಣಿ ಹೋಗುತ್ತದೆ, ಆ ಸುದ್ದಿ ಕೇಳಿಯೇ ಅವರು ಹೋಗುತ್ತಾರೆ. ಯಾವ ಹೆಂಗಸಿಗೂ ಅಂಥ ಗಳಿಗೆ ಬರಬಾರದು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ಅವರ ಹೆಸರು, ಮಾವನವರ ಹೆಸರು, ಎರಡನ್ನೂ. ಹೇಳಿದ್ದೇ ತಡ, ಎರಡೂ ಕೈಯಿಂದ ಗಲ್ಲ ಬಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಅತ್ತುಬಿಟ್ಟೆ. "ಬಸವಾ, ತಪ್ಪಾತು, ಅವರಿಗೇನೂ ಮಾಡಬ್ಯಾಡಪ್ಪಾ" ಎಂದು ಅದೊಂದನ್ನೇ ಅನ್ನುತ್ತಿದ್ದೆ.

ಬಾಬು ಲೇಖಣಿ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ಮನ್ಯಾಗೂ ಹಿಂಗೇ" ಎಂದರು ಮೆಲ್ಲಗೆ. "ನನ್ನ ಹೆಸರು ಹೇಳಂದ್ರ ನಮ್ಮ ಬೀಬಿ ಸೆರಗು ಕಡೀತಾಳ." ಆಮೇಲೆ ರುಮಾಲಿನವನ ಕಡೆ ತಿರುಗಿದರು. "ಒಂದು ಹೆಸರು ಹೇಳಾಕ ಇಷ್ಟು ಹೆದರಾಕಿ ಹೇಣ್ತಿ ಬಿಟ್ಟು ಬ್ಯಾರೆ ಯಾರೂ ಇರಂಗಿಲ್ಲ. ನೀವು ಸ್ವಲ್ಪ ಕುಂದ್ರಿ, ಸ್ಟೇಶನ್ ಮಾಸ್ತರನ್ನ ಕರಸ್ತೀನಿ."

"ನೀರು ಕುಡದು ಬರ್ತೀನ್ರಿ" ಎಂದು ಹೋದ ಅವನು ಇನ್ನೂ ನೀರು ಕುಡಿಯುತ್ತಲೇ ಇದ್ದಾನೆ. ಅವನ ಬಂಡಿಯವರು ಬಾಡಿಗೆಗೆ ಬಂದ ಬಡಪಾಯಿಗಳು. ಅವರೇ ನಮ್ಮ ಕಲ್ಲನ್ನು ಹೇರಿಕೊಂಡು ಕೊಳ್ಳುವವರ ಮನೆಗೆ ಮುಟ್ಟಿಸಿದರು.

ಸಂಜೆಯ ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ನನಗೆ ಕಲ್ಲಿನ ನೆನಪೇ ಆಗಲಿಲ್ಲ. ನಮ್ಮ ಓಣಿ ತಿರುಗುವಾಗ ಅಳುವಿನ ಸಪ್ಪಳ ಕೇಳುತ್ತದೇನೋ ಎಂದು ಕಿವಿಗೊಟ್ಟು ನಿಂತೆ. ಕೇಳಲಿಲ್ಲ. ಒಳಗೆ ಹೋದೆ. ಅತ್ತೆಯವರು ಗಂಜಿ ಕಾಯಿಸಲು ಎದ್ದುಹೋದರು. ಇವರು ಕಣ್ಣು ತೆರೆದರು.

"ಕಲ್ಲು?"

"ಮುಟ್ಟಿದ್ವು."

"ಹೆಸರು ಕೇಳಿದ್ರೇನು?"

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿ, "ನಿಮ್ಮ ಆಯುಷ್ಯ ನಾನೇ ಕಡಿಮಿ ಮಾಡಿ ಬಂದೀನ್ರಿ" ಎಂದು ಅವರ ಕಾಲ ಮೇಲೆ ತಲೆಯಿಟ್ಟೆ. ಬೈಯಲಿ ಎಂದು ಕಾದೆ. 

"ಮದಿವ್ಯಾಗ ಒಮ್ಮೆ ನಿನ್ನ ಬಾಯಿಲೆ ನನ್ನ ಹೆಸರು ಹೇಳಸಿದ್ರು. ಬಾಜಾ ಗದ್ದಲದಾಗ ನನಗ ಕೇಳಸಲೇ ಇಲ್ಲ" ಎಂದರು. "ಆ ಬಾಬು ಕೇಳಿದ, ಆ ಕಳ್ಳ ಕೇಳಿದ. ನಾ ಒಬ್ಬಂವ ಕೇಳಿಲ್ಲ. ಹೆಂಗೂ ಒಮ್ಮೆ ಹೇಳೀದಿ. ನನಗೂ ಒಮ್ಮೆ ಹೇಳು."

ನಾನು ಅಡುಗೆಮನೆಯ ಕಡೆ ನೋಡಿದೆ. ಅದರ ಕದ ಮುಂದಕ್ಕೆಳೆದು ಬಂದೆ. ಸುಡುತ್ತಿದ್ದ ಆ ಹಣೆಯ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ ಹೇಳಿದೆ.

"ಓ" ಎಂದರು ಅವರು, ಯಾರೋ ಬಾಗಿಲಲ್ಲಿ ನಿಂತು ಕರೆದರೆ ಓಗೊಡುತ್ತಾರಲ್ಲ, ಹಾಗೆ.