ಪದ್ದತ್ತೆಯ ಕಣ್ಣು ಮತ್ತು ಆಫ್ರಿಕಾದ ಅಂಬಿಗ

ಸುಳ್ಳು ಹೇಳುವುದರಲ್ಲಿ ನಾನು ಅಂಥ ಪ್ರತಿಭಾವಂತನೇನಲ್ಲ. ಆಫೀಸಿಗೆ ಹೊಟ್ಟೆನೋವು ಎಂದು ರಜಾ ಅರ್ಜಿ ಬರೆದ ದಿನ ನಿಜವಾಗಿಯೂ ಹೊಟ್ಟೆ ಹಿಡಿದುಕೊಂಡು ಮಲಗಿದ್ದುಂಟು. ಒಮ್ಮೆ ಪರಿಚಯದವರೊಬ್ಬರಿಗೆ ಫೋನಿನಲ್ಲಿ, ಮನೆಯಲ್ಲಿಲ್ಲ, ತಲಘಟ್ಟಪುರಕ್ಕೆ ಬಂದಿದ್ದೇನೆ ಎಂದೆ. ಮಾತು ಮುಗಿಸಿ ಕಿಟಕಿಯಾಚೆ ನೋಡಿದರೆ ಅವರು ನಮ್ಮ ಗೇಟಿನ ಮುಂದೆಯೇ ನಿಂತು ಕೈ ಬೀಸುತ್ತಿದ್ದರು. ಇಂಥ ನಾನು ಮೂರು ವಾರ, ದಿನಾ ಸಂಜೆ ಆರೂವರೆಯಿಂದ ಏಳೂವರೆಯವರೆಗೆ, ಸ್ವಂತ ಸೋದರತ್ತೆಯ ಎದುರು ಕೂತು ಸುಳ್ಳು ಹೇಳಿದೆ. ಅದೂ ಆಫ್ರಿಕಾದ ಯಾವುದೋ ನದಿಯ ದಡದಲ್ಲಿ ಎಂದೋ ಸತ್ತುಹೋದ ಒಬ್ಬ ಅಂಬಿಗನ ಸಲುವಾಗಿ.

ಪದ್ದತ್ತೆಗೆ ಎಪ್ಪತ್ತನಾಲ್ಕು. ಮದುವೆಯ ಗೋಜಿಗೆ ಹೋಗದೆ, ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿ, ಈಗ ಹನುಮಂತನಗರದ ತಮ್ಮ ಮನೆಯಲ್ಲಿ ರಾಣಿಯಂತಿದ್ದಾರೆ. ಒಂದು ಕಣ್ಣು ಚಿಕ್ಕಂದಿನಿಂದಲೂ ಮಂದ. ಇನ್ನೊಂದಕ್ಕೆ ಪೊರೆ ಬಂದಾಗ ಆಪರೇಷನ್ ಮಾಡಿಸಿ, ಬನಶಂಕರಿಯ ನಮ್ಮ ಮನೆಗೆ ಕರೆತಂದೆವು. ಆಸ್ಪತ್ರೆಯ ನರ್ಸು ಮಾಡಬಾರದ ಕೆಲಸಗಳನ್ನು ಮಗ್ಗಿಯಂತೆ ಒಪ್ಪಿಸಿದಳು. ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಕಣ್ಣು ಉಜ್ಜಬಾರದು. ನಾನು ಅತಿಬುದ್ಧಿವಂತನಂತೆ, ಅಳಬಹುದೇ ಎಂದು ಕೇಳಿದೆ. "ಯಾಕ್ ಸಾರ್, ಅಳಿಸ್ತೀರಾ?" ಎಂದು ಅವಳು ನಕ್ಕು, ಹತ್ತು ದಿನ ಅದೂ ಬೇಡ ಎಂದು ಸೇರಿಸಿದಳು. ಆ ಪ್ರಶ್ನೆ ಕೇಳದೇ ಇದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಓದದೆ ಒಂದು ದಿನವೂ ಇರಲಾರದ ಅತ್ತೆಗೆ ಹೊಸ ಕನ್ನಡಕ ಬರಲು ತಿಂಗಳ ಮೇಲಾಗುತ್ತದೆ ಎಂದರು. ಹಾಗಾಗಿ ಓದಿ ಹೇಳುವ ಕೆಲಸ ನನಗೆ ಬಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಹಳೆ ಪುಸ್ತಕದ ಅಂಗಡಿಯಲ್ಲಿ ರಕ್ಷಾಪುಟದ ಮೇಲಿನ ದೋಣಿಯ ಚಿತ್ರಕ್ಕೆ ಮನಸೋತು ತಂದಿದ್ದ ಇಂಗ್ಲಿಷ್ ಕಾದಂಬರಿಯೊಂದು ಕೈಗೆ ಸಿಕ್ಕಿತು. ಆಫ್ರಿಕಾದ ಒಬ್ಬ ಹೆಂಗಸು ಬರೆದ ಐತಿಹಾಸಿಕ ಕಾದಂಬರಿ. ಒಂದೊಂದೇ ಸಾಲು ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗುವುದೆಂದು ಒಪ್ಪಂದವಾಯಿತು. ಅಂಬಿಗನ ಹೆಸರನ್ನು ನಾನು ಮೂರು ದಿನ ಮೂರು ಥರ ಉಚ್ಚರಿಸಿದ್ದನ್ನು ಕೇಳಿ ಅತ್ತೆಯೇ ಅವನಿಗೆ ಅಂಬಿಗಜ್ಜ ಎಂದು ನಾಮಕರಣ ಮಾಡಿದರು.

ಅತ್ತೆಗೆ ಕಥೆಗಿಂತ ಕಥೆ ಬರೆದವಳ ಮೇಲೆ ಕುತೂಹಲ. ಹಿಂಬದಿಯ ರಟ್ಟಿನ ಮೇಲೆ ಆಕೆಯ ವಿಷಯ ನಾಲ್ಕೇ ಸಾಲು ಇತ್ತು. ನದೀತೀರದ ಹಳ್ಳಿಯವಳು, ಶಾಲೆಯಲ್ಲಿ ಹೊಲಿಗೆ ಟೀಚರು, ಐದು ಮಕ್ಕಳು, ಬರೆದದ್ದು ಇದೊಂದೇ ಪುಸ್ತಕ. "ಐದು ಮಕ್ಕಳನ್ನ ಇಟ್ಕೊಂಡು ಯಾವಾಗ ಬರೆದಳು? ಅಡುಗೆ ಯಾರು ಮಾಡ್ತಿದ್ದರು?" ಎಂದು ಅತ್ತೆ ಕೇಳಿದರು. ಅದೆಲ್ಲ ಹಾಕಿಲ್ಲ ಎಂದರೆ ಬಿಡಲಿಲ್ಲ. ದಿನಾ ಕಥೆ ಶುರುವಾಗುವ ಮೊದಲು ಅದೇ ಪ್ರಶ್ನೆ. ಕಾಟ ತಾಳಲಾರದೆ, ಒಬ್ಬ ಒಳ್ಳೆಯ ಅತ್ತೆಯಿದ್ದಳಂತೆ, ಅವಳೇ ಎಲ್ಲ ನೋಡಿಕೊಳ್ಳುತ್ತಿದ್ದಳಂತೆ ಎಂದುಬಿಟ್ಟೆ. ಅದು ಮೊದಲ ಸುಳ್ಳು. ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಲೇಖಕಿಯೇ ಬರೆದ ಹತ್ತು ಪುಟವಿತ್ತು. ಸಣ್ಣ ಅಕ್ಷರ ಕಂಡರೆ ನನಗೆ ಮೊದಲಿಂದಲೂ ಆಗದು.

ಕಥೆ ಚೆನ್ನಾಗಿ ಸಾಗಿತು. ನದಿಯ ಎರಡೂ ದಡಕ್ಕೆ ಹರಡಿದ ಪುಟ್ಟ ರಾಜ್ಯ. ಮದುಮಕ್ಕಳನ್ನೂ ಮೇಕೆಗಳನ್ನೂ ಹೆಣಗಳನ್ನೂ ಒಂದೇ ಗೌರವದಿಂದ ದಾಟಿಸುವ ಅಂಬಿಗಜ್ಜ. ಫಿರಂಗಿ ಎಳೆದುಕೊಂಡು ಬರುವ ಬಿಳಿಯರ ಸೈನ್ಯ. ಆ ಸೈನ್ಯ ತುಂಬಿದ ಹೊಳೆಯ ದಡಕ್ಕೆ ಬಂದಾಗ ಪದ್ದತ್ತೆಯೊಳಗಿನ ಮೇಷ್ಟರು ಎಚ್ಚೆತ್ತು, ಪೆದ್ದರು, ಬೇಸಿಗೆಯಲ್ಲಿ ಬರಬೇಕಿತ್ತು, ಶ್ರೀರಂಗಪಟ್ಟಣಕ್ಕೆ ಬಂದವರು ಕಾವೇರಿ ಇಳಿದಿದ್ದಾಗ ನುಗ್ಗಿದರು ಎಂದು ಇಡೀ ದಂಡಿಗೆ ಪಾಠ ಹೇಳಿದರು.

ಎಂಟನೆಯ ದಿನ, ಸಂಜೆಯ ಪಾಲನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ಮುಂಚೆಯೇ ಓದಿಕೊಂಡೆ. ಸೈನ್ಯ ದಾಟಬಾರದೆಂದು ಅಂಬಿಗಜ್ಜ ತನ್ನ ಹನ್ನೊಂದು ದೋಣಿಗಳನ್ನೂ ಒಂದೊಂದಾಗಿ ಮುಳುಗಿಸುತ್ತಾನೆ. ಓಡಿಹೋಗದೆ ದಡದಲ್ಲೇ ನಿಲ್ಲುತ್ತಾನೆ. ದೋಣಿಗಳೆಲ್ಲಿ ಎಂದು ಕೇಳಿದವರಿಗೆ ನೀರಿನ ಕಡೆ ಕೈ ತೋರಿಸುತ್ತಾನೆ. ಗುಂಡು ಹಾರುತ್ತದೆ. ನನ್ನ ಡಬ್ಬಿಯ ಚಿತ್ರಾನ್ನ ಹಾಗೇ ಉಳಿಯಿತು.

ಸಂಜೆ ಅತ್ತೆ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ಅಜ್ಜ ಏನು ಮಾಡಿದ ಎಂದು ಕಾದಿದ್ದರು. ನರ್ಸಮ್ಮನ ಮಾತು ನೆನಪಾಯಿತು. ಅವನ ಧೈರ್ಯಕ್ಕೆ ಕ್ಯಾಪ್ಟನ್ ಮೆಚ್ಚಿ ಬಿಟ್ಟುಬಿಟ್ಟ ಎಂದೆ. ಅತ್ತೆ ನಿಟ್ಟುಸಿರಿಟ್ಟರು. ಅಡುಗೆಮನೆಯಿಂದ ಕೇಳುತ್ತಿದ್ದ ನನ್ನ ಹೆಂಡತಿ ಮಾಲತಿಯೂ, ಸದ್ಯ ಬಚಾವಾದ ಎಂದಳು. ನನಗೂ ಹಾಯೆನಿಸಿತು.

ಕಷ್ಟ ಶುರುವಾದದ್ದು ಮಾರನೆಯ ದಿನ. ಇನ್ನೂ ಇನ್ನೂರು ಪುಟವಿತ್ತು, ಅಷ್ಟೂ ಪುಟಗಳಲ್ಲಿ ಜನ ಸತ್ತ ಅಜ್ಜನನ್ನೇ ನೆನೆಯುತ್ತಿದ್ದರು. ಅವನ ಹೆಂಡತಿ ಗಂಟುಮೂಟೆ ಹೊತ್ತು ಊರೂರು ಅಲೆದರೆ ನಾನು ಅಜ್ಜನನ್ನೂ ಹಿಂದೆ ಕಳಿಸಿದೆ. ಆದರೆ ಅವಳ ಗಂಟನ್ನು ಅವನ ತಲೆಗೆ ಹೊರಿಸುವುದು ತೋಚಲಿಲ್ಲ. ಆ ರಾಜ್ಯದ ರಾಣಿ ಅವನ ಸಮಾಧಿಗೆ ಮೊದಲ ಬೆಳೆಯ ಹಿಡಿ ಧಾನ್ಯ ಸುರಿದರೆ, ನಾನು ಅದನ್ನು ಅವನ ಕೈಗೇ ಸುರಿಸಿದೆ. ದೋಣಿಯಿಲ್ಲದ ಅಂಬಿಗನಿಗೆ ಕೊಡಲು ಕೆಲಸ ಸಿಗದೆ ಜಗಲಿಯ ಮೇಲೆ ಕೂರಿಸಿದೆ. ಒಂದು ಸಂಜೆ ನನಗೇ ಗೊತ್ತಾಗದೆ ಕಾಫಿಯನ್ನೂ ಕುಡಿಸಿದೆ. ಹತ್ತು ದಿನ ಕಳೆದ ಮೇಲೆ ಮಾಲತಿಗೆ ನಿಜ ಹೇಳಿದೆ. ಅತ್ತೆಗೆ ಹೇಳಿಬಿಡಿ ಎಂದಳು. ನಾಳೆ ಎಂದೆ. ಆ ನಾಳೆ ಬರುವ ಮೊದಲು ಕಥೆ ಮುಗಿದು, ಕನ್ನಡಕವೂ ಬಂತು.

ಕನ್ನಡಕ ಬಂದ ಮೂರನೆಯ ದಿನ ಆಫೀಸಿನಿಂದ ಬಂದರೆ ಅತ್ತೆ ವರಾಂಡದಲ್ಲಿ ಕೂತಿದ್ದರು, ತೊಡೆಯ ಮೇಲೆ ಪುಸ್ತಕ. ಕೂತ್ಕೋ ಎಂದರು. ಕೂತೆ. ಬೈಗುಳಕ್ಕೆ ಸಿದ್ಧನಾದೆ.

ಬೈಯಲಿಲ್ಲ. ಆವತ್ತೇ ಗೊತ್ತಾಯಿತು ಎಂದರು. "ನಿಜ ಓದುವಾಗ ಸಾಲು ಸಾಲಿಗೂ ತಡವರಿಸ್ತಿದ್ದೆ. ಅಜ್ಜ ಬದುಕಿದ ಮೇಲೆ ನೀರು ಕುಡಿದ ಹಾಗೆ ಓದಿದೆ. ಪುಟ ತಿರುಗಿಸೋದನ್ನೂ ಮರೀತಿದ್ದೆ." ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. ಎಲ್ಲಿವರೆಗೆ ಹೋಗುತ್ತೀಯೋ ನೋಡಬೇಕಿತ್ತು ಎಂದರು.

ಆಮೇಲೆ, ನಾನು ಓದದೆ ಬಿಟ್ಟ ಹತ್ತು ಪುಟಗಳನ್ನು ನನಗೆ ಹೇಳಿದರು. ಲೇಖಕಿಗೆ ಒಳ್ಳೆಯ ಅತ್ತೆಯೂ ಇರಲಿಲ್ಲ, ಕೆಟ್ಟ ಅತ್ತೆಯೂ ಇರಲಿಲ್ಲ. ಶಾಲೆಯ ಹುಡುಗಿಯರು ಹೊಲಿಯುತ್ತಿರುವಾಗ ಬಟ್ಟೆ ಕತ್ತರಿಸುವ ಅಳತೆಯ ಕಾಗದಗಳ ಹಿಂಬದಿಯಲ್ಲಿ ಬರೆದಳಂತೆ. ಮನೆಯಲ್ಲಿ ಅಡುಗೆ ಮಾಡಿದವಳು ಹಿರಿಯ ಮಗಳು. ಅದಕ್ಕಾಗಿ ಅವಳ ಓದು ಎರಡು ವರ್ಷ ನಿಂತಿತು, ಈ ಪುಸ್ತಕದಲ್ಲಿ ಆ ಎರಡು ವರ್ಷವೂ ಸೇರಿದೆ ಎಂದು ತಾಯಿ ಒಪ್ಪಿಕೊಂಡಿದ್ದಾಳೆ. ಇನ್ನು ಅಂಬಿಗಜ್ಜ ಆಕೆಯ ಅಜ್ಜಿಯ ಸ್ವಂತ ತಂದೆ. ಅವನು ಈಜಿ ಆಚೆ ದಡ ಸೇರಿ, ಕಡಲೆಕಾಯಿ ಬೆಳೆದುಕೊಂಡು ಸುಖವಾಗಿದ್ದ ಎಂದು ಅಜ್ಜಿ ಮೊಮ್ಮಗಳಿಗೆ ಹೇಳುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಒಬ್ಬ ಸಿಪಾಯಿಯ ಹಳೆಯ ದಿನಚರಿಯಲ್ಲಿ ನಿಜ ಸಿಕ್ಕಿತು. ಅಜ್ಜಿಯ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅಜ್ಜಿ ಇರಲಿಲ್ಲ. ಆಗ ಬರೆಯಲು ಕೂತಳು.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಆ ಅಜ್ಜಿ ಸುಳ್ಳು ಹೇಳಿದ್ದು ಆರು ವರ್ಷದ ಮಗೂಗೆ. ನನಗೆ ಎಪ್ಪತ್ನಾಲ್ಕು ಕಣೋ. ಅವಳಾದರೂ ಅವನಿಗೊಂದು ಹೊಲ ಕೊಟ್ಟಿದ್ದಳು. ನೀನು ಬರೀ ಕಾಫಿ ಕೊಟ್ಟು ಕೂರಿಸಿದೆ."

ನರ್ಸು ಹೇಳಿದ್ದಳಲ್ಲ ಎಂದು ಗೊಣಗಿದೆ. ಅವಳು ಹೇಳಿದ್ದು ಹತ್ತು ದಿನಕ್ಕೆ ಎಂದರು. ಆಮೇಲಿನ ದಿನಗಳ ಸುಳ್ಳು ಯಾರ ಕಣ್ಣನ್ನು ಕಾಯುತ್ತಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆ ಎಂಟನೆಯ ದಿನದ ಪುಟ ತೆರೆದು, ತಾವೇ ಕನ್ನಡದಲ್ಲಿ ಓದತೊಡಗಿದರು. ಪ್ರತಿ ಸಾಲಿಗೂ ತಡವರಿಸುತ್ತಾ, ಸರಿಯಾದ ಮಾತು ಸಿಗುವವರೆಗೆ ಕಾಯುತ್ತಾ. ಮಾಲತಿ ಬಂದು ಬಾಗಿಲಿಗೆ ಒರಗಿ ನಿಂತಳು. ಒಂಬತ್ತನೆಯ ದೋಣಿ ಮುಳುಗುವ ಹೊತ್ತಿಗೆ, ಒಲೆಯ ಮೇಲೆ ಹಾಲಿಟ್ಟ ನೆನಪು ಎಂದು ನಾನು ಎದ್ದು ಒಳಗೆ ಹೋದೆ. ಹಾಲಿಡುವುದು ನಮ್ಮ ಮನೆಯಲ್ಲಿ ಎಂದೂ ನನ್ನ ಕೆಲಸವಲ್ಲ. ಖಾಲಿ ಒಲೆಯ ಮುಂದೆ ಎಷ್ಟು ಹೊತ್ತು ನಿಂತರೂ ವರಾಂಡದಿಂದ ಓದುವ ಸದ್ದೇ ಬರಲಿಲ್ಲ. ಮುಖ ತೊಳೆದುಕೊಂಡು ಹೊರಗೆ ಬಂದರೆ, ಅತ್ತೆ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು.

"ಬಂದ್ಯಾ? ಕೂತ್ಕೋ," ಎಂದು ಹತ್ತನೆಯ ದೋಣಿಯಿಂದ ಮುಂದುವರಿಸಿದರು.