ಕ್ಯಾಮೆರಾಗೆ ನಾನು ಮಾಡಿದ ಪೂಜೆ

ಮಿಕ್ಸಿ, ಕಾರು, ಕಂಪ್ಯೂಟರು: ಪ್ಲೆಸೆಂಟನ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಯಾವ ಯಂತ್ರವೂ ನನ್ನ ಕೈಯಿಂದ ಕುಂಕುಮ ಇಡಿಸಿಕೊಳ್ಳದೆ ಕೆಲಸ ಶುರು ಮಾಡಿದ್ದಿಲ್ಲ. ಒಂದೂ ಕೆಟ್ಟಿರಲಿಲ್ಲ! ತಪ್ಪಿಸಿಕೊಂಡಿದ್ದು ನಮ್ಮ ಯಜಮಾನರ ಕ್ಯಾಮೆರಾ ಒಂದೇ. "ಅದರ ತಂಟೆಗೆ ಬರಬೇಡ ಸುಮಾ" ಅಂತ ಕಟ್ಟಪ್ಪಣೆಯಾಗಿತ್ತು.

ಆ ವರ್ಷ ಡಾಟ್‌ಕಾಮ್ ಕಂಪನಿಗಳು ಒಂದರ ಹಿಂದೊಂದು ಮಕಾಡೆ ಮಲಗಿದವು. ಇವರದ್ದೂ ಮಲಗಿತು. ಕೆಲಸದ ಜೊತೆ ವೀಸಾನೂ ಹೋಯಿತು; ಬುಧವಾರಕ್ಕೆ ಬೆಂಗಳೂರಿಗೆ ಟಿಕೆಟ್ಟು. "ನನ್ನ ಕೈಲಿ ಏನೂ ಆಗಲ್ಲ" ಅನ್ನೋದು ಬಿಟ್ಟರೆ ಇವರ ಬಾಯಲ್ಲಿ ಬೇರೆ ಮಾತಿಲ್ಲ. ಹೋಗುವ ಮುಂಚೆ ಒಂದೇ ಆಸೆ: ಮೂರು ವರ್ಷದಿಂದ ಸಿಗದೆ ಸತಾಯಿಸಿದ್ದ ಬೆಟ್ಟದ ಕಾಡುಕುರಿ ಮತ್ತು ಅದರ ಮರಿಯ ಫೋಟೋ.

ಶನಿವಾರ ಏಳು ಗಂಟೆ ಡ್ರೈವ್ ಮಾಡಿ ಸಿಯೆರಾ ಬೆಟ್ಟದ ಆಚೆ ಬದಿಗೆ ಹೋದೆವು. ಇವರು ಬಂಡೆ ಮೇಲೆ ಹೊಟ್ಟೆ ಎಳೆದುಕೊಂಡು ಹತ್ತಿದರು. ನಾನು ಕೆಳಗೆ ಚಪಾತಿ ಡಬ್ಬಿ ಕಾಯುತ್ತಾ ಕೂತೆ. ಇಳಿದು ಬಂದಾಗ ಮಂಡಿಯೆಲ್ಲ ತರಚಿತ್ತು, ಮುಖ ಮಾತ್ರ ಅರಳಿತ್ತು.

"ಸಿಕ್ತು ಸುಮಾ! ಮರಿ ಹಾಲು ಕುಡೀತಿತ್ತು! ರೋಲು ಪೂರ್ತಿ ಅದರದ್ದೇ ಫೋಟೋ!"

ಕ್ಯಾಮೆರಾ ನನ್ನ ಮಡಿಲಿಗಿಟ್ಟು ತೊರೆಯಲ್ಲಿ ಮುಖ ತೊಳೆಯಲು ಹೋದರು.

ಇಂಥ ಉಪಕಾರ ಮಾಡಿದ ಯಂತ್ರಕ್ಕೆ ಒಂದು ಪೂಜೆ ಬೇಡವೇ? ಹೊರಗೆ ಹಚ್ಚಿದರೆ ಬೈಗುಳ ಗ್ಯಾರಂಟಿ. ಒಳಗೆ ಹಚ್ಚಿದರೆ ಯಾರಿಗೆ ಕಾಣಬೇಕು! ಹಿಂಬದಿಯ ಮುಚ್ಚಳ ಟಪ್ ಅಂತ ತೆಗೆದೆ. ಸುಡುಬಿಸಿಲಲ್ಲಿ, ಪೂರ್ವಾಭಿಮುಖವಾಗಿ ಕೂತು, ಗಣಪತಿ ಶ್ಲೋಕ ಪೂರ್ತಿ ಹೇಳಿ, ಒಂದು ಬೊಟ್ಟಿಟ್ಟು ಮುಚ್ಚಿದೆ. ಶಾಸ್ತ್ರೋಕ್ತವಾಗಿ!

ಸೋಮವಾರ ಫೋಟೋ ಅಂಗಡಿಯಾಕೆ ರೋಲನ್ನು ತಾನೇ ಹೊರತೆಗೆದಳು. ಕುಂಕುಮವನ್ನು ತುಕ್ಕು ಅಂದುಕೊಂಡಳೋ ಏನೋ, ಒರೆಸಿಬಿಟ್ಟಳು. ಗಂಟೆ ಬಿಟ್ಟು ಕೈಗೆ ಕೊಟ್ಟ ನೆಗೆಟಿವ್ ಇದ್ದಿಲಿನ ಹಾಗೆ ಕಪ್ಪಗಿತ್ತು.

"ಒಳಗೆ ಬೆಳಕು ಬಿದ್ದಿದೆ. ಒಂದು ಚಿತ್ರವೂ ಉಳಿದಿಲ್ಲ" ಅಂದಳು.

ಕಾರಲ್ಲಿ ಕೂತ ಮೇಲೆ ಇವರು ಮೆಲ್ಲಗೆ ಅಂದರು, "ಮುಚ್ಚಳ ನಾನೇ ನೆಟ್ಟಗೆ ಹಾಕಿರಲಿಲ್ಲ ಅನ್ಸತ್ತೆ. ಇದೂ ನನ್ನ ಕೈಲಿ ಆಗ್ಲಿಲ್ಲ ನೋಡು."

"ನೀವಲ್ಲ ರೀ. ಮುಚ್ಚಳ ತೆಗೆದಿದ್ದು ನಾನು."

"ಯಾಕೆ?"

"ಕುಂಕುಮ ಇಡೋಕೆ."

ಇವರು ಸ್ಟೀರಿಂಗ್ ಮೇಲೆ ತಲೆ ಇಟ್ಟರು. ಭುಜ ಕುಲುಕತೊಡಗಿತು. ಅಬ್ಬ, ಕೆಲಸ ಹೋಗಿ ಎರಡು ತಿಂಗಳಾದ ಮೇಲೆ ಇವತ್ತು ನಗ್ತಿದ್ದಾರಲ್ಲ ಅಂತ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ಕಾರಲ್ಲಿ ನಗುತ್ತಿದ್ದವಳು ನಾನೊಬ್ಬಳೇ.